ಚಳಿ ಮಣ್ಣಿನ ಪರೀಕ್ಷೆ

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದ ಬಸ್ಸಿನಲ್ಲಿದ್ದೆ. ಹಳೆಯ ಲ್ಯಾಬಿನ ಅಟೆಂಡರ್ ಫೋನ್ ಮಾಡಿ, "ನಿಮ್ಮ ಮೇಡಂ ಹೋದ್ರಂತೆ ಅಕ್ಕಾ. ಸವಳಂಗ ರಸ್ತೆ ಮನೇಲೇ ಇಟ್ಟಿದಾರೆ. ಬರ್ತೀರಾ?" ಎಂದು ಕೇಳಿದ. ಬರ್ತೀನಿ ಅಂತಲೂ ಇಲ್ಲ ಅಂತಲೂ ಹೇಳದೆ ಫೋನ್ ಇಟ್ಟೆ. ಬೇರೆ ಕೆಲಸಕ್ಕೆ ಹೊರಟವಳು ಕೊನೆಗೆ ಅವರ ಮನೆಯ ಹತ್ತಿರದ ಸ್ಟಾಪಿನಲ್ಲೇ ಇಳಿದೆ.

ಹಣೆ ತುಂಬ ವಿಭೂತಿ ಬಳಿದು, ಮೇಡಂ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸದಾ ಏನನ್ನೋ ಹುಡುಕುವಂತಿರುತ್ತಿದ್ದ ಮುಖ ಈಗ ಸುಮ್ಮನಿತ್ತು. ಶಾಮಿಯಾನದ ಕೆಳಗೆ ಕೂತಿದ್ದವರು, "ಎಷ್ಟು ಜನ ರೈತರಿಗೆ ದಾರಿ ತೋರಿಸಿದ ಜೀವ" ಎಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಹೆಂಗಸು ನನ್ನನ್ನು ನೋಡಿ, "ನಿಮಗೇನಾಗ್ಬೇಕಮ್ಮಾ?" ಅಂದರು. "ಕೆಲಸ ಕಲಿಸಿದವರು" ಅಂದೆ. ಕೈ ಮುಗಿದು ಹೊರಗೆ ಬಂದು ರಸ್ತೆ ದಾಟುವಷ್ಟರಲ್ಲಿ ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆಂದು ನೆನೆದು ನನ್ನ ಮೇಲೇ ಸಿಟ್ಟೂ ಬಂತು.

ಅವರ ಹೆಸರು ಇಲ್ಲಿ ಬೇಡ. ನಾವು ಯಾರೂ ಅವರನ್ನು ಹೆಸರಿನಿಂದ ಕರೆದವರೂ ಅಲ್ಲ. ಒಂದು ಬೀಜದ ಕಂಪನಿಯ ಪರೀಕ್ಷಾ ಲ್ಯಾಬಿಗೆ ಅವರು ಮುಖ್ಯಸ್ಥೆ. ಸವಳಂಗ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯೇ ಲ್ಯಾಬು. ನಾನು ಬಿಎಸ್ಸಿ ಮುಗಿಸಿ ಅಲ್ಲಿಗೆ ಹೋದಾಗ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಕಾಗದದ ಕಾರ್ಖಾನೆ ನಿಂತು, ಕೆಲಸ ಹೋಗಿ ಅಪ್ಪ ಮನೆಯಲ್ಲಿದ್ದರು. ಇಂಟರ್‌ವ್ಯೂನಲ್ಲಿ ಮೇಡಂ ನನ್ನ ಅಂಕಪಟ್ಟಿ ತೆರೆಯಲೇ ಇಲ್ಲ. ಮೇಜಿನ ಮೇಲೆ ಒಂದು ಹಿಡಿ ಭತ್ತ ಸುರಿದು, "ಇದ್ರಲ್ಲಿ ಬದುಕಿರೋದು ಯಾವುದು ಹೇಳು" ಅಂದರು. ನಾನು ತಡಕಾಡಿ, "ನೋಡಿದ್ರೆ ಗೊತ್ತಾಗಲ್ಲ ಮೇಡಂ" ಅಂದೆ.

"ಸರಿ. ಗೊತ್ತಾಗಲ್ಲ ಅನ್ನೋರು ಬೇಕು ನನಗೆ. ಗೊತ್ತು ಅನ್ನೋರು ತುಂಬ ಜನ ಬಂದು ಹೋದ್ರು. ನಾಳೆಯಿಂದ ಬಾ ಮಾರಾಯ್ತಿ."

ಗಂಡಸರು ಹೆಂಗಸರು ಎನ್ನದೆ, ವಯಸ್ಸು ನೋಡದೆ, ಎಲ್ಲರನ್ನೂ ಮಾರಾಯ, ಮಾರಾಯ್ತಿ ಎಂದೇ ಕರೆಯುತ್ತಿದ್ದರು. ಕಂಪನಿಯ ಯಜಮಾನರನ್ನೂ ಒಮ್ಮೆ ಬಾಯಿ ತಪ್ಪಿ "ಅಲ್ಲ ಮಾರಾಯ" ಅಂದುಬಿಟ್ಟಿದ್ದರಂತೆ. ಸಣ್ಣ ದೇಹ, ಹತ್ತಿಯ ಸೀರೆ, ಅದರ ಮೇಲೆ ಬೇಸಿಗೆಯಲ್ಲೂ ಒಂದು ಬೂದು ಬಣ್ಣದ ಸ್ವೆಟರು. ಕೈಗಳು ಸದಾ ಒರಟು, ಉಗುರ ಸಂದಿಯಲ್ಲಿ ಮಣ್ಣು. ಭತ್ತದ ಕಾಳನ್ನು ಮುಂದಿನ ಹಲ್ಲಿನಲ್ಲಿ ಟಕ್ಕನೆ ಕಡಿದು, ಆ ಸದ್ದಿನಿಂದಲೇ ಒಣಗಿದೆ, ಒಣಗಿಲ್ಲ ಎನ್ನುತ್ತಿದ್ದರು. ಆಮೇಲೆ ತೇವ ಅಳೆಯುವ ಮೆಷಿನ್ನಿನಲ್ಲಿ ಹಾಕಿ ನೋಡಿಯೇ ಒಪ್ಪುತ್ತಿದ್ದರು. ತಮ್ಮ ಹಲ್ಲನ್ನೂ ಅವರು ಪೂರ್ತಿ ನಂಬುತ್ತಿರಲಿಲ್ಲ.

ನಮ್ಮ ಕೆಲಸವನ್ನು ಹೊರಗಿನವರು ಬೀಜ ಎಣಿಸೋ ಕೆಲಸ ಅಂತಿದ್ದರು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಹಾಗೆಂದು ನಕ್ಕಿದ್ದನ್ನು ಮೇಡಂಗೆ ಹೇಳಿದ್ದೆ. ಅವರು ನಗಲಿಲ್ಲ. "ಊಟ ಮಾಡ್ತಾರಲ್ಲ ಅವ್ರು? ಹಾಗಾದ್ರೆ ಯಾರೋ ಎಣಿಸಿದ್ದಾರೆ ಅಂತ ಹೇಳು" ಅಂದರು. ಆ ಸಂಬಂಧ ಆಗಲಿಲ್ಲ. ಅದಕ್ಕೆ ನನಗಿಂತ ಹೆಚ್ಚು ಖುಷಿಪಟ್ಟವರು ಮೇಡಂ.

ಬೀಜ ಪರೀಕ್ಷೆ ಎಂದರೆ ಸಾಮಾನ್ಯವಾಗಿ ಇಷ್ಟೇ. ಒದ್ದೆ ಕಾಗದದಲ್ಲಿ ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ನಿಲ್ಲಿಸುವುದು. ಮೊಳಕೆ ಎಣಿಸುವುದು. ಕಾನೂನು ಕೇಳುವುದೂ ಅಷ್ಟನ್ನೇ. ಆದರೆ ನಮ್ಮ ಕಡೆ ಬೇಸಿಗೆ ಭತ್ತಕ್ಕೆ ಸಸಿಮಡಿ ಹಾಕುವುದು ಮೈ ಕೊರೆಯುವ ಚಳಿಯಲ್ಲಿ. ನಾಲೆ ನೀರು ತಣ್ಣಗಿರುತ್ತದೆ, ಕೆಸರು ಅದಕ್ಕಿಂತ ತಣ್ಣಗಿರುತ್ತದೆ. ಕಾಗದದಲ್ಲಿ ಚೆಂದಾಗಿ ಮೊಳೆತ ಬೀಜ ಆ ಕೆಸರಿನಲ್ಲಿ ಏಳದೆ ಕೊಳೆತುಹೋಗುವುದುಂಟು. ಅದಕ್ಕೆ ಮೇಡಂ ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದರು. ಗದ್ದೆಯಿಂದಲೇ ಮಣ್ಣು ತಂದು, ಟ್ರೇಗೆ ತುಂಬಿ, ಬೀಜ ಹಾಕಿ, ಕೆಲವು ದಿನ ಚಳಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆಮೇಲೆ ಹೊರಗೆ ತೆಗೆದು ಬೆಚ್ಚಗಿಟ್ಟರೆ, ಎಷ್ಟು ಸಸಿ ಮೇಲೆ ಬರುತ್ತದೋ ಅದು ಬೀಜದ ನಿಜವಾದ ಕಸುವು.

"ಬೆಚ್ಚಗಿಟ್ರೆ ಎಲ್ಲರೂ ಒಳ್ಳೆಯವರೇ" ಎನ್ನುತ್ತಿದ್ದರು. "ಚಳಿಗೆ ಹಾಕು. ಯಾರು ಏಳ್ತಾರೆ ನೋಡೋಣ."

ತೊಳೆದ ಮರಳಿನಲ್ಲಿ ಈ ಪರೀಕ್ಷೆ ಮಾಡಲು ಬಿಡುತ್ತಿರಲಿಲ್ಲ. ಗದ್ದೆಯ ಮಣ್ಣಿನಲ್ಲಿ ಬೂಷ್ಟು ಇರುತ್ತದೆ, ಕಣ್ಣಿಗೆ ಕಾಣದ ರೋಗ ಇರುತ್ತದೆ. ಅವುಗಳ ನಡುವೆಯೇ ಬೀಜ ಏಳಬೇಕು. ಹೀಗಾಗಿ ಚಳಿಗಾಲಕ್ಕೆ ಮುಂಚೆ ನಾವಿಬ್ಬರೂ ಮಣ್ಣು ತರಲು ಹೊಳಲೂರಿಗೆ ಹೋಗುತ್ತಿದ್ದೆವು. ಅಲ್ಲಿ ನನ್ನ ಸೋದರಮಾವನ ಗದ್ದೆಯಿತ್ತು. ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡು ತಾವೇ ಗುದ್ದಲಿ ಹಿಡಿಯುತ್ತಿದ್ದರು. ಮಾವ, "ನಮ್ಮ ಮಣ್ಣು ಹೊತ್ಕೊಂಡು ಹೋಗೋಕೆ ಪೇಟೆಯಿಂದ ಕಾರಲ್ಲಿ ಬರ್ತಾರಲ್ಲ" ಎಂದು ನಗುತ್ತಿದ್ದರು. ಅತ್ತೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸುತ್ತಿದ್ದರು. ಮೇಡಂ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದರು. ಅತ್ತೆಗೆ ಅವರೆಂದರೆ ಬಹಳ ಇಷ್ಟ. "ಇಷ್ಟು ಓದಿದೋರು, ಒಂಚೂರೂ ಜಂಬ ಇಲ್ಲ" ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಒಮ್ಮೆ ಟ್ರೇಗಳು ಚಳಿ ಪೆಟ್ಟಿಗೆಯಲ್ಲಿದ್ದಾಗ ಕರೆಂಟು ಹೋಯಿತು. ಜನರೇಟರ್ ಕೆಟ್ಟಿತ್ತು. ಮೇಡಂ ಮನೆಗೆ ಓಡಿಹೋಗಿ ಕಂಬಳಿಗಳನ್ನೆಲ್ಲ ಹೊತ್ತುಕೊಂಡು ಬಂದು, ಒಳಗಿನ ತಣುಪು ಹೊರಗೆ ಹೋಗದಂತೆ ಪೆಟ್ಟಿಗೆಗೆ ಸುತ್ತಿದರು. ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಬಾಗಿಲು ತೆಗೆಯಲು ಹೋದ ಅಟೆಂಡರ್‌ಗೆ, "ಮುಟ್ಟಿದ್ರೆ ಕೈ ಮುರೀತೀನಿ" ಅಂದರು. ಬೀಜದ ವಿಷಯದಲ್ಲಿ ಇಷ್ಟು ಪ್ರಾಮಾಣಿಕರಾದವರನ್ನು ನಾನು ಆವರೆಗೆ ನೋಡಿರಲಿಲ್ಲ. ಅಪ್ಪನ ಹತ್ತಿರ ಅವರ ಬಗ್ಗೆ ಎಷ್ಟು ಮಾತಾಡುತ್ತಿದ್ದೆನೆಂದರೆ, ಅಪ್ಪ ಒಂದು ದಿನ, "ನಿಮ್ಮಮ್ಮಂಗೆ ಹೊಟ್ಟೆಕಿಚ್ಚಾಗುತ್ತೆ, ಸ್ವಲ್ಪ ಕಮ್ಮಿ ಮಾಡು" ಅಂದಿದ್ದರು.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಬೀಜೋತ್ಪಾದನೆಯ ಭತ್ತವೆಲ್ಲ ನೆನೆಯಿತು. ಅದನ್ನು ಅವಸರದಲ್ಲಿ ಮೆಷಿನ್ನಿಗೆ ಹಾಕಿ ಒಣಗಿಸಿದರು. ಅದರಲ್ಲಿ ಒಂದು ದೊಡ್ಡ ಲಾಟು, ಒಂದೇ ನಂಬರಿನ ಚೀಲಗಳ ರಾಶಿ, ನನ್ನ ಪರೀಕ್ಷೆಗೆ ಬಂತು. ಕಾಗದದ ಸುರುಳಿಯಲ್ಲಿ ಅದು ಪಾಸಾಯಿತು, ಕಾನೂನಿಗೆ ಬೇಕಾದಷ್ಟು ಮೊಳಕೆ ಬಂತು. ಹೊಳಲೂರಿನ ಮಣ್ಣಿನಲ್ಲಿ ಚಳಿಗೆ ಹಾಕಿದಾಗ ಅರ್ಧದಷ್ಟೂ ಏಳಲಿಲ್ಲ. ಎದ್ದವೂ ಸೊಟ್ಟಗೆ, ಹಳದಿಯಾಗಿದ್ದವು. ನಾನು ಎಲ್ಲೋ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ. ಹಾಗೇ ಬಂತು. ಟ್ರೇ ಎತ್ತಿಕೊಂಡು ಹೋಗಿ ಮೇಡಂ ಮುಂದಿಟ್ಟೆ.

ಅವರು ಒಂದು ಸಸಿಯನ್ನು ಬುಡ ಸಮೇತ ಎಬ್ಬಿಸಿ ಬೆಳಕಿಗೆ ಹಿಡಿದರು. ಬೇರು ಕಂದಾಗಿತ್ತು. "ಸರಿಯಾಗೇ ಮಾಡಿದೀಯ" ಅಂದರು.

ಮುಂದಿನ ವಾರ ನಾನೇ ಕೇಳಿದೆ. "ಆ ಲಾಟ್ ಏನಾಯ್ತು ಮೇಡಂ?"

"ಅಕ್ಕಿ ಗಿರಣಿಗೆ ಹೋಗುತ್ತೆ ಮಾರಾಯ್ತಿ. ನೀನು ತಲೆ ಕೆಡಿಸ್ಕೋಬೇಡ."

ಅದೇ ದಿನಗಳಲ್ಲಿ ಮಾವ ಫೋನ್ ಮಾಡಿ, ನಿಮ್ಮ ಕಂಪನಿ ಬೀಜವನ್ನೇ ತಗೊಳ್ಳೋಣ ಅಂತಿದೀವಿ, ಕೇರಿಯವರೆಲ್ಲ ಸೇರಿ ತರ್ತೀವಿ ಅಂದರು. ಮೇಡಂಗೆ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚುತ್ತಿದ್ದರು. "ತಗೊಳ್ಳಲಿ ಬಿಡು. ಎಲ್ಲಾ ನಾವೇ ನೋಡಿರೋದು ತಾನೇ?" ಅಂದರು. ಮುಚ್ಚಳ ಹಾಕಿ ಕೈ ತೊಳೆಯಲು ಎದ್ದುಹೋದರು. ಆ ಮಾತನ್ನು ನಾನು ಹಾಗೆಯೇ ಮಾವನಿಗೆ ಮುಟ್ಟಿಸಿದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಮೇಡಂ ಅವರ ತಮ್ಮ ಲ್ಯಾಬಿಗೆ ಬಂದಿದ್ದರು. ಭದ್ರಾವತಿ ಕಡೆ ಅವರದ್ದೂ ಗದ್ದೆಯಿತ್ತು. ನಾನೇ ಕಾಫಿ ಮಾಡಿಕೊಟ್ಟೆ. ಮೇಡಂ ತಮ್ಮನನ್ನು ಗೋಡೌನಿಗೆ ಕರೆದುಕೊಂಡು ಹೋಗಿ, ನನ್ನೆದುರೇ ಬೇರೆಯಾಗಿ ಇಡಿಸಿದ್ದ ಚೀಲಗಳನ್ನು ತೋರಿಸಿ, "ಇದನ್ನೇ ತಗೊಂಡು ಹೋಗು. ಅಂಗಡಿಯಲ್ಲಿ ಯಾವುದನ್ನೂ ತಗೋಬೇಡ" ಅಂದರು. ಅಕ್ಕ ತಮ್ಮನಿಗೆ ಒಳ್ಳೆಯದನ್ನು ಕೊಡುತ್ತಿದ್ದಾರೆ ಅಂತಷ್ಟೇ ನನಗೆ ಅನಿಸಿತು. ಅದರಲ್ಲಿ ಅನುಮಾನಪಡುವಂಥದ್ದು ಏನಿತ್ತು?

ಚಳಿ ಆ ಸಲ ಜೋರಾಗಿಯೇ ಬಂತು. ಅತ್ತೆ ಅಮ್ಮನಿಗೆ ಫೋನ್ ಮಾಡಿ ಮಾತಾಡುತ್ತಾ, ಸಸಿಮಡಿ ಏಳಲೇ ಇಲ್ಲ ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಭಾನುವಾರ ಹೊಳಲೂರಿಗೆ ಹೋದೆ. ಗೋಣಿಯಲ್ಲಿ ಹುಲ್ಲು ಮುಚ್ಚಿ ಬೆಚ್ಚಗಿಟ್ಟಾಗ ಮೊಳಕೆ ಚೆನ್ನಾಗಿಯೇ ಒಡೆದಿತ್ತಂತೆ. ಸಸಿಮಡಿಗೆ ಚೆಲ್ಲಿದ ಮೇಲೆ ಅಲ್ಲೊಂದು ಇಲ್ಲೊಂದು ಮಾತ್ರ ಹಸಿರು. ಉಳಿದದ್ದು ಕಪ್ಪಗೆ ಕೆಸರಿನಲ್ಲಿ ಮಲಗಿತ್ತು. ಪಕ್ಕದವರ ಮಡಿಗಳೂ ಹಾಗೇ ಇದ್ದವು. ಅವರೂ ಅದೇ ಬೀಜ ತಂದವರು. ನಾನು ಒಂದು ಸಸಿ ಎಬ್ಬಿಸಿದೆ. ಕಂದು ಬೇರು. ಎಲ್ಲಿ ನೋಡಿದ್ದೆನೆಂದು ಯೋಚಿಸಬೇಕಾಗಲಿಲ್ಲ.

"ಚೀಲ ಎಲ್ಲಿ ಮಾವ?"

ಮಾವ ಕೊಟ್ಟಿಗೆಯಿಂದ ಖಾಲಿ ಚೀಲ ತಂದರು. ಚೀಟಿಯ ಮೇಲಿನ ಲಾಟ್ ನಂಬರ್ ನಾನೇ ಎರಡು ಸಲ ಟ್ರೇಗಳಿಗೆ ಅಂಟಿಸಿದ್ದ ನಂಬರ್. ಮಾವನ ಮುಖ ನೋಡಲಾಗಲಿಲ್ಲ. ಅವರು ಬೈಯಲಿಲ್ಲ. "ಚಳಿಗೆ ಯಾರೇನು ಮಾಡೋಕಾಗುತ್ತೆ ಬಿಡು" ಅಂದರು. ಅತ್ತೆ ಮಾತ್ರ, "ನಿಮ್ಮ ಮೇಡಂಗೆ ಒಂದ್ಸಲ ಹೇಳು, ಅವ್ರು ಒಳ್ಳೆಯವ್ರು, ಏನಾದ್ರೂ ದಾರಿ ಮಾಡ್ತಾರೆ" ಅಂದರು. ವಾಪಸ್ ಬರುವ ದಾರಿಯಲ್ಲಿ, ಮೇಡಂ ಅವರ ತಮ್ಮ ಕಾಫಿ ಕುಡಿದು ಹೋದ ಮಧ್ಯಾಹ್ನ ನೆನಪಾಯಿತು. ಮೇಡಂಗೆ ತಾವೇ ಕಲಿಸಿದ ಪರೀಕ್ಷೆಯ ಮೇಲೆ ನಂಬಿಕೆ ಇಲ್ಲದೆ ಹೋಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಪೂರ್ತಿ ನಂಬಿಕೆ ಇತ್ತು. ಆ ನಂಬಿಕೆಯಲ್ಲೇ ತಮ್ಮನ ಮಡಿಯನ್ನು ಉಳಿಸಿದ್ದರು.

ಸೋಮವಾರ ನಾನು ಕೇಳುವ ಮೊದಲೇ ಹೊಳಲೂರಿನವರೂ ಸುತ್ತಲಿನ ಊರಿನವರೂ ಲ್ಯಾಬಿನ ಮೆಟ್ಟಿಲು ಹತ್ತಿ ಬಂದಿದ್ದರು. ಮಾವನೂ ಹಿಂದೆ ನಿಂತಿದ್ದರು. ಮ್ಯಾನೇಜರ್ ಕುರ್ಚಿ ಹಾಕಿಸಿ, ಟೀ ತರಿಸಿ, ಮೇಡಂ ಅವರನ್ನು ಕರೆಸಿದ. ಮೇಡಂ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಬಂದು, ಎಂದಿನ ಸಲಿಗೆಯಲ್ಲೇ, "ಕೂತ್ಕೊಳ್ರಪ್ಪಾ" ಅಂದರು. ಬೀಜ ಪರೀಕ್ಷೆಯಲ್ಲಿ ಪಾಸಾಗಿದೆ, ಸರ್ಕಾರ ಕೇಳುವಷ್ಟು ಮೊಳಕೆ ಇದೆ, ಈ ವರ್ಷದ ಚಳಿಗೆ ಕಂಪನಿ ಹೊಣೆಯಲ್ಲ ಎಂದು ನಿಧಾನವಾಗಿ ತಿಳಿಸಿದರು. ಒಂದೊಂದು ಮಾತೂ ಸರಿಯಾಗಿತ್ತು, ಸುಳ್ಳು ಹುಡುಕಿದರೂ ಸಿಗುತ್ತಿರಲಿಲ್ಲ. ಯಾರೋ ಗೊಣಗಿದಾಗ ನನ್ನ ಕಡೆ ತಿರುಗಿದರು.

"ಟೆಸ್ಟ್ ಮಾಡಿದ್ದು ಇವಳೇ. ನಿಮ್ಮೂರ ಕಡೆಯ ಹುಡುಗಿ. ನೀನೇ ಹೇಳು ಮಾರಾಯ್ತಿ, ಮೊಳಕೆ ಸರಿ ಬಂದಿತ್ತೋ ಇಲ್ವೋ?"

ನನ್ನನ್ನು ಕರೆದದ್ದು ಏಕೆಂದು ನನಗೆ ಗೊತ್ತಾಯಿತು. ಮಾವ ನನ್ನನ್ನೇ ನೋಡುತ್ತಿದ್ದರು. ನಾನು ಹೂಂ ಅಂದರೆ ಅವರು ಎದ್ದು ಮನೆಗೆ ಹೋಗುತ್ತಿದ್ದರು, ಉಳಿದವರನ್ನೂ ಕರೆದುಕೊಂಡು. ಅಷ್ಟು ನಂಬಿದ್ದರು ಅವರು. ಮೇಡಂ ಲೆಕ್ಕ ಹಾಕಿದ್ದೂ ಅದನ್ನೇ.

"ಕಾಗದದಲ್ಲಿ ಬಂದಿತ್ತು" ಅಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಕಾಗದದಲ್ಲಿ ಬೆಚ್ಚಗಿಟ್ಟಾಗ ಬಂದಿತ್ತು. ನಿಮ್ಮ ಗದ್ದೆ ಮಣ್ಣಲ್ಲಿ ಚಳಿಗೆ ಇಟ್ಟಾಗ ಅರ್ಧ ಏಳಲಿಲ್ಲ. ಎರಡು ಸಲ ಹಾಕಿದೆ. ಮೇಡಂಗೆ ತೋರಿಸಿದೀನಿ."

ಯಾರೂ ಕೂಗಾಡಲಿಲ್ಲ. ಮ್ಯಾನೇಜರ್ ಟೀ ಲೋಟ ಕೆಳಗಿಟ್ಟ. ಮೇಡಂ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು, ನಾನೇ ಅವರಿಗೆ ಏನೋ ಮಾಡಿದೆನೆಂಬಂತೆ.

ಮಾತು ಊರೆಲ್ಲ ಹಬ್ಬುವ ಮೊದಲೇ ಕಂಪನಿ ಬೇರೆ ಬೀಜ ಕೊಟ್ಟಿತು. ಆದರೆ ಮಡಿ ಹಾಕುವ ಕಾಲ ಮೀರಿತ್ತು. ಮಾವ ಅವರಿವರಲ್ಲಿ ಮಿಕ್ಕಿದ್ದ ಸಸಿ ಬೇಡಿ ತಂದು ಅರ್ಧ ಗದ್ದೆ ನಾಟಿ ಮಾಡಿದರು. ಉಳಿದರ್ಧ ಆ ಬೇಸಿಗೆ ಬೀಳುಬಿತ್ತು. ಮ್ಯಾನೇಜರ್ ನನಗೆ ನಾಳೆಯಿಂದ ಬರಬೇಡ ಅಂದ. ಹೊರಡುವ ಮೊದಲು ಮೇಡಂ ರೂಮಿನ ಬಾಗಿಲಲ್ಲಿ ನಿಂತು, "ನನಗೆ ಸುಳ್ಳು ಯಾಕೆ ಹೇಳಿದ್ರಿ ಮೇಡಂ?" ಎಂದು ಕೇಳಿದೆ.

ಅವರು ತಲೆ ಎತ್ತದೆ ಬೀಜ ಆರಿಸುತ್ತಿದ್ದರು. "ಮೇಲಿನವ್ರು ಮಾರೋಕೆ ಬಿಡು ಅಂದ್ರು, ಬಿಟ್ಟೆ. ಇಲ್ಲ ಅಂದಿದ್ರೆ ಈ ಚಳಿ ಪೆಟ್ಟಿಗೇನೇ ಎತ್ತಿಬಿಡ್ತಿದ್ರು. ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

"ನಿಮ್ಮ ತಮ್ಮನಿಗೆ ಹೇಳಿದ್ರಲ್ಲ."

ಅವರು ಆರಿಸಿದ ಬೀಜವನ್ನು ಬಟ್ಟಲಿಗೆ ಸುರಿದರು. ಮಾವನಿಗೆ "ತಗೊಳ್ಳಲಿ" ಅಂದರಲ್ಲ, ಅದನ್ನೂ ಕೇಳಬೇಕೆಂದಿದ್ದೆ. ಕೇಳದೆಯೇ ಮೆಟ್ಟಿಲಿಳಿದೆ. ಜಗಲಿಯಲ್ಲಿ ಕಾಲು ಚಾಚಿ ಕೂತು ಅತ್ತೆ ಕೈಯ ರೊಟ್ಟಿ ತಿಂದವರು ಅವರೇ ಎಂದು ನಂಬಲಾಗುತ್ತಿರಲಿಲ್ಲ.

ನಾನು ತಿಂಗಳುಗಟ್ಟಲೆ ಮನೆಯಲ್ಲಿದ್ದೆ. "ಕಲಿಸಿದ ಕೈಯನ್ನೇ ಕಚ್ಚಿದಳು" ಎಂದು ಮೇಡಂ ಯಾರ ಹತ್ತಿರವೋ ಹೇಳಿದರೆಂದು ಅಟೆಂಡರ್ ಬಂದು ಹೇಳಿದ. ಆಮೇಲೆ ಭದ್ರಾವತಿ ಕಡೆಯ ರೈತರ ಒಂದು ಸಂಘ ಬೀಜದ ಘಟಕ ಮಾಡಿ ನನ್ನನ್ನು ಕರೆಯಿತು. ಕಾಗದನಗರದ ಹತ್ತಿರವೇ ಒಂದು ರೂಮು. ಹಳೆಯ ಐಸ್‌ಕ್ರೀಂ ಪೆಟ್ಟಿಗೆಯೊಂದನ್ನು ರಿಪೇರಿ ಮಾಡಿಸಿ ಚಳಿ ಪೆಟ್ಟಿಗೆ ಮಾಡಿಕೊಂಡೆ. ಪರೀಕ್ಷೆ ಮಾತ್ರ ಮೇಡಂ ಕಲಿಸಿದ್ದೇ. ಅದನ್ನು ಬಿಟ್ಟು ಬೇರೆ ರೀತಿಯಲ್ಲಿ ಮಾಡಲು ನನಗೆ ಬರುವುದಿಲ್ಲ. ಮಣ್ಣು ಜರಡಿ ಹಿಡಿಯುವಾಗ ಕೆಲವೊಮ್ಮೆ ಹಳೆಯದೆಲ್ಲ ನೆನಪಾಗಿ, ಸಾಕೆನಿಸಿ ಜರಡಿ ಕೆಳಗಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಕಳೆದ ಚಳಿಗಾಲಕ್ಕೆ ಮುಂಚೆ ಭದ್ರಾವತಿಯಲ್ಲಿ ರೈತರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಸಂಘದವರು ನನ್ನನ್ನು ಕಳಿಸಿದ್ದರು. ಮುಖ್ಯ ಅತಿಥಿ ಮೇಡಂ. ರಿಟೈರಾಗಿ ತುಂಬ ಇಳಿದುಹೋಗಿದ್ದರು, ಮಾತು ಮಾತ್ರ ಹಾಗೇ ಇತ್ತು. ಮೇಜಿನ ಮೇಲೆ ಟ್ರೇ, ಮಣ್ಣು, ಬೀಜ ಇಟ್ಟುಕೊಂಡು ಚಳಿ ಮಣ್ಣಿನ ಪರೀಕ್ಷೆಯನ್ನೇ ಹೇಳುತ್ತಿದ್ದರು. "ಬೀಜ ಮಾರೋರನ್ನ ಕೇಳಿ, ಚಳಿಗೆ ಹಾಕಿ ನೋಡಿದೀರಾ ಅಂತ ಕೇಳಿ" ಅಂದರು. ಮುಂದೆ ಕೂತಿದ್ದ ರೈತರೊಬ್ಬರು ಎದ್ದು, "ನೀವು ಕಂಪನೀಲಿ ಇದ್ದಾಗ ಇದನ್ನ ನಮಗೆ ಯಾಕೆ ಹೇಳ್ತಿರಲಿಲ್ಲ ಮೇಡಂ?" ಅಂದರು.

"ಯಾರೂ ಕೇಳಲಿಲ್ಲಪ್ಪ" ಅಂದರು ಮೇಡಂ. ಕೆಲವರು ನಕ್ಕರು.

ನಾನು ಎದ್ದು ನಿಂತೆ. "ನಾನು ಕೇಳಿದ್ದೆ ಮೇಡಂ."

ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು, ಅಥವಾ ಹಾಗೆ ತೋರಿಸಿಕೊಂಡರು. ಆಮೇಲೆ ಮುಖ ಅರಳಿಸಿ, "ಇವಳು ನಮ್ಮ ಹುಡುಗಿ. ನಾನೇ ಕಲಿಸಿದ್ದು. ಬಾ ಮಾರಾಯ್ತಿ, ಮುಂದಿನದು ನೀನೇ ತೋರಿಸು" ಎಂದು ಎರಡೂ ಕೈ ಚಾಚಿದರು. ಸಭೆ ಚಪ್ಪಾಳೆ ತಟ್ಟಿತು. ಹೊರಗೆ ಹೋಗಿಬಿಡಬೇಕು ಅನಿಸಿತು. ಆದರೆ ಅಷ್ಟು ಜನ ರೈತರು ಕಾಯುತ್ತಿದ್ದರು.

ಹೋದೆ. ಮಣ್ಣು ತುಂಬಿದೆ, ಬೀಜ ಇಟ್ಟೆ, ಮೇಲೆ ಮಣ್ಣು ಮುಚ್ಚಿದೆ. ಮಾಡುತ್ತಾ ಹೊಳಲೂರಿನ ಕತೆ ಪೂರ್ತಿ ಹೇಳಿದೆ. ಚಳಿ ಪರೀಕ್ಷೆಯಲ್ಲಿ ಫೇಲಾದ ಬೀಜ ಚೀಲಕ್ಕೆ ಹೋದದ್ದು, ನಮ್ಮ ಮಾವನ ಮಡಿ ಕಪ್ಪಾದದ್ದು, ಒಬ್ಬರ ತಮ್ಮನಿಗೆ ಮಾತ್ರ ಒಳ್ಳೆ ಬೀಜ ಸಿಕ್ಕಿದ್ದು. ಯಾರೆಂದು ಹೇಳಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ನನ್ನ ಹಿಂದೆ ಕೂತಿದ್ದ ಮೇಡಂ ಕಡೆ ನೋಡತೊಡಗಿದರು. ಮೇಡಂ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿದರು.

ನಾನು ಮುಗಿಸಿದೆ. ಈಗಲಾದರೂ ಅವರಿಂದ ತಪ್ಪಾಯಿತೆಂಬ ಒಂದು ಮಾತು ಬರುತ್ತದೆ ಎಂದು ನಾನು ಕಾದದ್ದು ನಿಜ. ಮೇಡಂ ಕುರ್ಚಿಯಿಂದ ಮುಂದಕ್ಕೆ ಬಾಗಿ ಟ್ರೇ ನೋಡಿದರು.

"ನೀರಿನ ವಿಷಯ ಬಿಟ್ಟೆ" ಅಂದರು. "ಮಣ್ಣು ಹಿಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರದು. ಹೆಚ್ಚಾದ್ರೆ ಒಳ್ಳೆ ಬೀಜಾನೂ ಸಾಯುತ್ತೆ. ಹೇಳು ಅವರಿಗೆ."

ಹೌದು, ಅದನ್ನು ಹೇಳಲು ಮರೆತಿದ್ದೆ. ರೈತರ ಕಡೆ ತಿರುಗಿ ಹೇಳಿದೆ. ಮಣ್ಣು ಹಿಡಿದು ಉಂಡೆ ಮಾಡಿ ತೋರಿಸಿದೆ. ಅಷ್ಟರಲ್ಲಿ ಯಾರೋ ಅವರ ತೋಳು ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಅವರು ತಿರುಗಿ ನೋಡಲಿಲ್ಲ. ನಾನು ಕರೆಯಲಿಲ್ಲ.